ಕಚೇರಿಗಳ ಊರಿನಲ್ಲಿ ತಬರನ ಕಥೆ

(ಸಂಘದ ಸಂಸ್ಥಾಪನಾ ದಿನಾಚರಣೆಯಂದು ಪುತ್ರಜಯಾದಲ್ಲಿ ಮಾಡಿದ ಭಾಷಣ)



ಸಂಘದ ಸಮಾರಂಭಗಳಿಗೆ ವೈದ್ಯರನ್ನು ಮಾತಿಗೆ ಕರೆಯುವುದು ಸಾಮಾನ್ಯವಾಗಿ ಒಂದೇ ವಿಷಯಕ್ಕೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಷ್ಟು ನಡೆಯಬೇಕು, ಏನು ತಿನ್ನಬಾರದು. ಈ ಸಲ ಕಾರ್ಯದರ್ಶಿಗಳು ಫೋನ್ ಮಾಡಿ, "ಡಾಕ್ಟ್ರೇ, ದಯವಿಟ್ಟು ಆರೋಗ್ಯದ ವಿಷಯ ಬೇಡ. ಹೋದ ಸಲ ನೀವು ಮಾತಾಡಿದ ಮೇಲೆ ಹೋಳಿಗೆ ಅರ್ಧಕ್ಕರ್ಧ ಉಳಿದುಹೋಯಿತು. ನಿಮಗೆ ಸಿನಿಮಾ ಹುಚ್ಚು ಇದೆಯಲ್ಲ, ಅದರ ಬಗ್ಗೆಯೇ ಮಾತಾಡಿ" ಎಂದರು. ಸಂತೋಷದಿಂದ ಒಪ್ಪಿಕೊಂಡೆವು. ಆದರೆ ಸುತ್ತಿ ಬಳಸಿ ಕೊನೆಗೆ ಸಕ್ಕರೆ ಕಾಯಿಲೆಯ ಹತ್ತಿರವೇ ಬಂದು ನಿಲ್ಲುತ್ತೇವೆ. ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇವೆ.

ನಮ್ಮ ಮಾತಿನಲ್ಲಿ 'ನಾವು, ನಾವು' ಎಂದು ಬರುತ್ತಿದ್ದರೆ ಅದು ದೊಡ್ಡಸ್ತಿಕೆಗಲ್ಲ. ಒಬ್ಬರೇ ಕೂತು ಸಿನಿಮಾ ನೋಡಿದ್ದು ನಮಗೆ ನೆನಪೇ ಇಲ್ಲ. ಮೊದಲು ಮನೆಯವರೆಲ್ಲ, ಆಮೇಲೆ ಹಾಸ್ಟೆಲಿನ ಗೆಳೆಯರು, ಈಗ ಹೆಂಡತಿ ಮಕ್ಕಳು, ಹೀಗೆ ಯಾವಾಗಲೂ ಜೊತೆಯಲ್ಲೇ ನೋಡಿದ್ದು. ಆದ್ದರಿಂದ ಅಭಿಪ್ರಾಯಗಳೂ ಹಂಚಿಕೊಂಡವೇ. ತಪ್ಪುಗಳು ಮಾತ್ರ ನಮ್ಮವೇ.

ನಮ್ಮ ಬಾಲ್ಯ ಕಳೆದದ್ದು ಮಲೆನಾಡಿನ ಕೊಪ್ಪದ ಕಡೆ. ಅಪ್ಪ ಶಾಲಾ ಮಾಸ್ತರರು. ನಮ್ಮ ವಯಸ್ಸಿನವರಿಗೆ ನೆನಪಿರಬಹುದು, ಆ ಕಾಲದಲ್ಲಿ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದರು. ಅದಕ್ಕೆ ಮೊದಲು ಕಿವುಡರಿಗಾಗಿ ವಾರ್ತೆ. ಒಂದು ವಾರ ಅಸ್ಸಾಮಿ, ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳಂ. ಕನ್ನಡದ ಸರದಿ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಬಂದಾಗ ಅದು ಡಾ. ರಾಜ್ ಅವರ ಚಿತ್ರವಾಗಿರಲಿ ದೇವರೇ ಎಂದು ನಾವು ಹುಡುಗರು ಬೇಡಿಕೊಳ್ಳುತ್ತಿದ್ದೆವು. ಆದರೆ ಬರುತ್ತಿದ್ದದ್ದು ಪ್ರಶಸ್ತಿ ಚಿತ್ರ. ಮಳೆ, ಮೌನ, ಮಾತಾಡದ ಮುದುಕರು. ಟಿ.ವಿ. ಇದ್ದ ಮನೆಯ ಜಗುಲಿಯಲ್ಲಿ ತುಂಬಿದ್ದ ಜನ ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತಿದ್ದರು. ಕೊನೆಯವರೆಗೆ ಉಳಿಯುತ್ತಿದ್ದವರು ಅಪ್ಪ, ಮತ್ತು ಅಪ್ಪನಿಗೆ ಹೆದರಿ ಕೂತಿದ್ದ ನಾವು. ಹೀಗೆ ಹೆದರಿಕೆಯಿಂದ ಶುರುವಾದದ್ದು ಹುಚ್ಚಾಗಿ ಉಳಿಯಿತು.

ಈಚೆಗೆ ಇಂಥ ಚಿತ್ರಗಳಿಗೆ 'ಇಂಡಿಪೆಂಡೆಂಟ್' ಎನ್ನುತ್ತಾರೆ, ಕೆಲವಕ್ಕೆ 'ಕಲ್ಟ್' ಎನ್ನುತ್ತಾರೆ. ನಮ್ಮ ಅಳತೆಗೋಲು ಸರಳ. ಥಿಯೇಟರಿನಲ್ಲಿ ಎಷ್ಟು ದಿನ ನಿಂತಿತು ಎಂದು ನಾವು ಕೇಳುವುದಿಲ್ಲ. ನೋಡಿದವರ ತಲೆಯಲ್ಲಿ ಎಷ್ಟು ವರ್ಷ ನಿಂತಿತು ಎಂದು ಕೇಳುತ್ತೇವೆ. 1972ರ 'ಬಂಗಾರದ ಮನುಷ್ಯ' ಎರಡರಲ್ಲೂ ಗೆದ್ದ ಚಿತ್ರ. ಅದಕ್ಕೆ ನಮ್ಮ ಶಿಫಾರಸು ಬೇಕಿಲ್ಲ. ಮೊದಲನೆಯದರಲ್ಲಿ ಸೋತು ಎರಡನೆಯದರಲ್ಲಿ ಗೆದ್ದ ಚಿತ್ರಗಳಿಗೆ ಬೇಕು. ಅಂಥ ಕೆಲವನ್ನು ವೈದ್ಯರ ಕಣ್ಣಿನಿಂದ ನೋಡಿ ಹೇಳುತ್ತೇವೆ. ಸಿನಿಮಾ ಪಂಡಿತರು ನಾವಲ್ಲ.

ಮೊದಲನೆಯದು 1970ರ 'ಸಂಸ್ಕಾರ'. ಯು. ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿಯವರು ಚಂದ್ರಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಕನ್ನಡಕ್ಕೆ ಬಂದ ಮೊದಲ ಸ್ವರ್ಣಕಮಲ ಅದು. ಕಥೆ ನಿಮಗೆ ಗೊತ್ತು: ನಾರಣಪ್ಪ ಸತ್ತಿದ್ದಾನೆ, ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರವೆಲ್ಲ ಶಾಸ್ತ್ರ ಹುಡುಕುತ್ತಿದೆ. ವೈದ್ಯಕೀಯ ಓದಿದ ಮೇಲೆ ಎರಡನೆಯ ಸಲ ನೋಡಿದಾಗ ನಮ್ಮ ಕಣ್ಣಿಗೆ ಬಿದ್ದದ್ದು ಇಲಿಗಳು. ಊರಿಗೆ ಪ್ಲೇಗು ಬಂದಿದೆ, ಇಲಿಗಳು ಬಿದ್ದು ಸಾಯುತ್ತಿವೆ, ದೊಡ್ಡವರು ಮಾತ್ರ ಧರ್ಮಸೂಕ್ಷ್ಮದಲ್ಲಿ ಮುಳುಗಿದ್ದಾರೆ. 2020ರ ಮಾರ್ಚ್ 18ರಿಂದ ಈ ದೇಶದಲ್ಲಿ ಸಂಚಾರ ನಿರ್ಬಂಧ ಜಾರಿಯಾದಾಗ, ಊರಿನಲ್ಲಿ ತೀರಿಕೊಂಡವರ ಮುಖವನ್ನು ಮೊಬೈಲಿನಲ್ಲೇ ನೋಡಬೇಕಾದ ಕುಟುಂಬಗಳು ಈ ಸಭೆಯಲ್ಲೂ ಇವೆ. ಶವಕ್ಕೆ ಕಾಯುವುದು ಎಂದರೇನು, ಸಂಸ್ಕಾರ ತಪ್ಪಿದರೆ ಮನಸ್ಸು ಹೇಗೆ ಕೊರೆಯುತ್ತದೆ ಎಂಬುದು ಆಗ ನಮಗೆ ಹೊಸದಾಗಿ ತಿಳಿಯಿತು. ಐವತ್ತು ವರ್ಷದ ಹಳೆಯ ಕಪ್ಪುಬಿಳುಪು ಚಿತ್ರ ನಮ್ಮ ಕಥೆಯನ್ನೇ ಹೇಳುತ್ತಿತ್ತು.

ಎರಡನೆಯದು 1975ರ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ಚಿತ್ರ ಮಾಡಿದರು. ಚೋಮನಾದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸ್ವಂತಕ್ಕೆ ಒಂದು ತುಂಡು ಭೂಮಿ ಉಳಬೇಕು ಎನ್ನುವುದಷ್ಟೇ ಅವನ ಆಸೆ. ಸಾಲ ತೀರಿಸಲು ಅವನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಹೊಳೆಯಲ್ಲಿ ಮುಳುಗುತ್ತಾನೆ. ಮುಟ್ಟಬಾರದ ಜಾತಿಯೆಂಬ ಕಾರಣಕ್ಕೆ, ದಡದಲ್ಲಿ ಜನರಿದ್ದೂ ಅವನು ಉಳಿಯುವುದಿಲ್ಲ. ನಾವು ಮಲೆನಾಡಿನವರು 'ನಮ್ಮೂರು ಎಷ್ಟು ಚೆಂದ' ಎಂದು ಇಲ್ಲಿನ ಗೆಳೆಯರಿಗೆ ಫೋಟೋ ತೋರಿಸುತ್ತೇವೆ. ಆ ಹಸಿರಿನಲ್ಲಿ ಚೋಮನ ದುಡಿಯ ಸದ್ದೂ ಇದೆ ಎಂದು ನೆನಪಿಸುವುದು ಈ ಚಿತ್ರ.

ಮೂರನೆಯದು 'ಘಟಶ್ರಾದ್ಧ', 1977. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ. ಮೊದಲ ಚಿತ್ರಕ್ಕೇ ಸ್ವರ್ಣಕಮಲ. ಎಳೆಯ ವಿಧವೆ ಯಮುನಾ ಬಸುರಾಗುತ್ತಾಳೆ. ಊರು ಅವಳನ್ನು ಹೊರಗೆ ಹಾಕುತ್ತದೆ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಅವಳ ಜೊತೆ ನಿಲ್ಲುವವನು ನಾಣಿ ಎಂಬ ಪುಟ್ಟ ಹುಡುಗ ಒಬ್ಬನೇ. ಭಾರತದಲ್ಲಿ ವೈದ್ಯಕೀಯ ಗರ್ಭಪಾತದ ಕಾಯ್ದೆ ಬಂದದ್ದು 1971ರಲ್ಲಿ. ಅದನ್ನು ನಾವು ಪರೀಕ್ಷೆಗೆ ಉರುಹೊಡೆದಿದ್ದೆವು. ಕಾಯ್ದೆ ಇಲ್ಲದಿದ್ದಾಗ ಒಬ್ಬ ಹೆಣ್ಣುಮಗಳ ರಾತ್ರಿ ಹೇಗಿರುತ್ತಿತ್ತು ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಈ ಚಿತ್ರ ಹೇಳಿತು. ಅದರ ಪ್ರತಿಯನ್ನು ಈಗ ಹೊಸದಾಗಿ ದುರಸ್ತಿ ಮಾಡಿದ್ದಾರೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು ಎಂದು ತಿಳಿದು ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

ನಾಲ್ಕನೆಯದು ಶಂಕರ್‌ನಾಗ್ ಅವರ 1985ರ 'ಆಕ್ಸಿಡೆಂಟ್'. ಶ್ರೀಮಂತರ ಮನೆಯ ಹುಡುಗನ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ, ದೊಡ್ಡವರು ಅದನ್ನು ಮುಚ್ಚಿಹಾಕಲು ಹೊರಡುತ್ತಾರೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ರಾತ್ರಿ ಪಾಳಿ ಮಾಡಿದ ಯಾವ ವೈದ್ಯರಿಗೂ ಇದು ಕಟ್ಟುಕಥೆಯೆನಿಸದು. ಆ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲೇ ತೀರಿಕೊಂಡದ್ದು ನಮ್ಮ ಬಾಲ್ಯದ ದೊಡ್ಡ ದುಃಖ. ಇಂದಿಗೂ ಆಟೋಗಳ ಮೇಲೆ ಅವರ ಚಿತ್ರವಿದೆ. ಅಭಿಮಾನ ಎಂದರೆ ಅದು.

ಇವೆಲ್ಲ ಹಳೆಯವು, ಈಗಿನ ಮಕ್ಕಳು ನೋಡುತ್ತಾರೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಶಸ್ತಿ ಚಿತ್ರವೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಹೊಗಳುವವರು ನಾವಲ್ಲ. ಎತ್ತಿನಗಾಡಿ ದಿಗಂತದ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ಹತ್ತು ನಿಮಿಷ ತೋರಿಸಿ 'ಕಲೆ' ಎಂದು ಕರೆದ ಚಿತ್ರಗಳನ್ನೂ ನೋಡಿ ಗೊರಕೆ ಹೊಡೆದಿದ್ದೇವೆ. ಆದರೆ ಹೊಸಬರು ಈ ದಾರಿಯನ್ನು ಬೇರೆ ರೀತಿ ಹಿಡಿದಿದ್ದಾರೆ.

2013ರಲ್ಲಿ ಪವನ್ ಕುಮಾರ್ ಅವರು 'ಲೂಸಿಯಾ' ಮಾಡಿದರು. ಹಣ ಹಾಕುವ ನಿರ್ಮಾಪಕರು ಸಿಗದಿದ್ದಾಗ ಸಿನಿಮಾ ನೋಡುವ ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ಕೂಡಿ ಸುಮಾರು 50 ಲಕ್ಷ ರೂಪಾಯಿ ಹೊಂದಿಸಿಕೊಟ್ಟರು. ಥಿಯೇಟರಿನಲ್ಲಿ ಟಾರ್ಚ್ ಬಿಡುವ ಹುಡುಗನೊಬ್ಬ ನಿದ್ದೆ ಬಾರದೆ ಒಂದು ಮಾತ್ರೆ ನುಂಗುತ್ತಾನೆ, ಬೇಕಾದ ಕನಸು ಬೀಳುತ್ತದೆ. ಅಂಥ ಮಾತ್ರೆ ನಮ್ಮ ಯಾವ ಔಷಧಿ ಅಂಗಡಿಯಲ್ಲೂ ಇಲ್ಲ, ದಯವಿಟ್ಟು ಚೀಟಿ ಕೇಳಬೇಡಿ. 2023ರ 'ಡೇರ್‌ಡೆವಿಲ್ ಮುಸ್ತಫಾ' ಇನ್ನೊಂದು ಬಗೆ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಹಣ ಹಾಕಿದವರು ತೇಜಸ್ವಿಯವರ ಓದುಗರು. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಹದಿನಾರು ವರ್ಷವಾದ ಮೇಲೆ ಅವರ ಓದುಗರು ಕೈಯಿಂದ ದುಡ್ಡು ಹಾಕಿ ಸಿನಿಮಾ ಮಾಡುತ್ತಾರೆಂದರೆ, ಕನ್ನಡ ಓದುವವರಿಲ್ಲ ಎಂಬ ಗೋಳನ್ನು ನಾವು ಸ್ವಲ್ಪ ಕಡಿಮೆ ಮಾಡಬಹುದು.

'ಶಿವಮ್ಮ ಯರೇಹಂಚಿನಾಳ' ಚಿತ್ರಕ್ಕೆ 2022ರಲ್ಲಿ ಬುಸಾನ್ ಚಿತ್ರೋತ್ಸವದ ಪ್ರಶಸ್ತಿ ಬಂತು. ಉತ್ತರ ಕರ್ನಾಟಕದ ಹಳ್ಳಿಯ ಬಡ ಹೆಂಗಸು, ಮನೆಯಲ್ಲಿ ಮಲಗಿದ ಗಂಡ. ಪುಡಿ ಮಾರುವ ಚೈನ್ ವ್ಯಾಪಾರಕ್ಕೆ ಸೇರುತ್ತಾಳೆ. ದುಡ್ಡೂ ಬರುತ್ತದೆ, ಗಂಡನೂ ಗುಣವಾಗುತ್ತಾನೆ ಎಂಬ ನಂಬಿಕೆ. ಇಲ್ಲಿಯೂ ಡಬ್ಬಿ ಹಿಡಿದು ಬರುವ ರೋಗಿಗಳನ್ನು ನಾವು ವಾರಕ್ಕೊಮ್ಮೆಯಾದರೂ ನೋಡುತ್ತೇವೆ. ಮೊದಲು ಅವರ ಮೇಲೆ ರೇಗುತ್ತಿದ್ದೆವು. ಶಿವಮ್ಮನನ್ನು ನೋಡಿದ ಮೇಲೆ ರೇಗುವುದನ್ನು ಬಿಟ್ಟು, "ಇದನ್ನು ಕೊಟ್ಟವರು ಯಾರು, ಎಷ್ಟು ಹಣ ಹಾಕಿದ್ದೀರಿ?" ಎಂದು ಕೂರಿಸಿಕೊಂಡು ಕೇಳುತ್ತೇವೆ. ಇನ್ನು ನಮ್ಮ ಕಸುಬಿನವರ ಹೆಮ್ಮೆಗೆ ಒಂದು ಮಾತು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಒಂದು ಕನ್ನಡ ಕಿರುಚಿತ್ರ. ಮಾಡಿದ ಚಿದಾನಂದ ಎಸ್. ನಾಯ್ಕ್ ಅವರು ಎಂ.ಬಿ.ಬಿ.ಎಸ್. ಓದಿದ ವೈದ್ಯರು. ಮುದುಕಿಯೊಬ್ಬಳು ಊರಿನ ಹುಂಜ ಕದ್ದಿದ್ದಕ್ಕೆ ಸೂರ್ಯ ಹುಟ್ಟುವುದೇ ಇಲ್ಲ ಎಂಬ ನಮ್ಮ ಜನಪದ ಕಥೆಯೇ ಅವರಿಗೆ ಬಂಡವಾಳ.

ಮತ್ತೆ 2015ರ 'ತಿಥಿ'. ಮಂಡ್ಯದ ಕಡೆಯ ನೊದೆಕೊಪ್ಪಲು ಗ್ರಾಮದ ಜನರೇ ನಟರು. ರಾಮ್ ರೆಡ್ಡಿಯವರ ನಿರ್ದೇಶನ, ಕಥೆಯಲ್ಲಿ ಅದೇ ಊರಿನ ಈರೇಗೌಡರ ಕೈ. ಸ್ವಿಟ್ಸರ್ಲೆಂಡಿನ ಲೊಕಾರ್ನೋದಲ್ಲಿ ಪ್ರಶಸ್ತಿ ಪಡೆಯಿತು. 'ಸಂಸ್ಕಾರ' ಮತ್ತು 'ತಿಥಿ' ಎರಡೂ ಒಂದು ಸಾವಿನಿಂದ ಶುರುವಾಗುತ್ತವೆ. ಅಲ್ಲಿ ಕರ್ಮ ಮಾಡುವವರಿಲ್ಲ, ಇಲ್ಲಿ ಊಟಕ್ಕೆ ಊರೇ ಕಾದಿದೆ. ಜಮೀನು ಮಾರಬೇಕೆಂದು ಮಗನೊಬ್ಬ, ಗಡ್ಡ ಬಿಟ್ಟು ಬೀದಿಯಲ್ಲಿ ಓಡಾಡಿಕೊಂಡಿರುವ ತನ್ನ ಅಪ್ಪನಿಗೆ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಈ ಮರಣಪತ್ರವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಾವು ಈಗ ಇರುವ ನೆಲದ ಬಗ್ಗೆಯೂ ಒಂದು ಮಾತು. ಈ ಪುತ್ರಜಯಾ ಕಟ್ಟುವ ಮೊದಲು ಇಲ್ಲಿ ಇದ್ದದ್ದು ಪ್ರಾಂಗ್ ಬೆಸಾರ್ ಎಂಬ ಎಸ್ಟೇಟು. ಮೊದಲು ರಬ್ಬರು, ಆಮೇಲೆ ತಾಳೆ. ದುಡಿದವರಲ್ಲಿ ಹೆಚ್ಚಿನವರು ತಮಿಳು ಕೂಲಿ ಕುಟುಂಬಗಳು. ಊರು ಕಟ್ಟುವಾಗ ಅವರು ಜಾಗ ಬಿಟ್ಟು ಹೋಗಬೇಕಾಯಿತು. ಎಸ್ಟೇಟಿನ ಬದುಕನ್ನು 2005ರಲ್ಲಿ ದೀಪಕ್ ಕುಮಾರನ್ ಮೆನನ್ 'ಚೆಮ್ಮಣ್ ಚಾಲೈ' ಎಂಬ ಮಲೇಷಿಯಾದ ತಮಿಳು ಚಿತ್ರದಲ್ಲಿ ತೋರಿಸಿದರು. ಎಸ್ಟೇಟು ಬಿಟ್ಟ ಮೇಲಿನ ಬದುಕನ್ನು 2015ರಲ್ಲಿ ಶಾಂಜೇ ಕುಮಾರ್ ಪೆರುಮಾಳ್ 'ಜಗಾಟ್' ಚಿತ್ರದಲ್ಲಿ ತೋರಿಸಿದರು. ಎರಡೂ ಸಣ್ಣ ಬಂಡವಾಳದವು. ನೋಡುವಾಗ ನಮಗೆ ಚೋಮನ ಮಕ್ಕಳೇ ಕಂಡರು. ಪಕ್ಕದ ಮನೆಯ ತಮಿಳರ ಜೊತೆ ಮಾತಿಗೆ ಇದಕ್ಕಿಂತ ಒಳ್ಳೆಯ ಸೇತುವೆ ಸಿಗಲಾರದು.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. 1999ರಿಂದ ಈ ದೇಶದ ಸರ್ಕಾರಿ ಕಚೇರಿಗಳು ಕೌಲಾಲಂಪುರ ಬಿಟ್ಟು ಇಲ್ಲಿಗೆ ಬಂದವು. ಸರೋವರದ ಆಚೆ ಈಚೆ ಎಲ್ಲಿ ನೋಡಿದರೂ ಮಂತ್ರಾಲಯ, ಇಲಾಖೆ. ಇಂಥ ಕಚೇರಿಗಳ ಊರಿನಲ್ಲಿ ನಿಂತು ಮಾತಾಡಲೇಬೇಕಾದ ಕನ್ನಡ ಚಿತ್ರ ಒಂದೇ: 'ತಬರನ ಕಥೆ'. ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ನಿರ್ದೇಶನ. 1986ನೇ ಸಾಲಿನ ಸ್ವರ್ಣಕಮಲ ಅದಕ್ಕೆ ಬಂತು. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ. ಅವರು ತಮಿಳುನಾಡಿನವರು, ಕಮಲಹಾಸನರ ಅಣ್ಣ, ಸುಹಾಸಿನಿಯವರ ತಂದೆ. ಆದರೆ ತಬರಶೆಟ್ಟಿ ನಮ್ಮೂರಿನವನಲ್ಲ ಎಂದು ಯಾರೂ ಹೇಳಲಾರರು.

ತಬರ ಸರ್ಕಾರದ ಅತಿ ಸಣ್ಣ ನೌಕರ. ನಿವೃತ್ತನಾಗುತ್ತಾನೆ, ಪಿಂಚಣಿ ಬರುವುದಿಲ್ಲ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿಗೆ ಗಾಯವಾಗಿ ಕೊಳೆಯುತ್ತಿದೆ. ಪಿಂಚಣಿ ಬಂದರೆ ಔಷಧಿ, ಬಾರದಿದ್ದರೆ ಇಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾನೆ. ಕೊನೆಗೆ ದಿಕ್ಕು ತೋಚದೆ, ಹೆಂಡತಿಯ ಕಾಲು ಕತ್ತರಿಸಿಕೊಡು ಎಂದು ಕಟುಕನ ಹತ್ತಿರ ಹೋಗಿ ಬೇಡುತ್ತಾನೆ. ಅಪ್ಪಿ ಉಳಿಯುವುದಿಲ್ಲ.

ಈ ಚಿತ್ರವನ್ನು ನಾವು ಮೂರು ಸಲ ನೋಡಿದ್ದೇವೆ. ಮೊದಲನೆಯ ಸಲ ಹತ್ತು ವರ್ಷದ ಹುಡುಗರಾಗಿ, ಅದೇ ಭಾನುವಾರದ ಟಿ.ವಿ.ಯಲ್ಲಿ. ಅರ್ಧಕ್ಕೆ ನಿದ್ದೆ ಹೋದೆವು. ಎಚ್ಚರವಾದಾಗ ಅಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಪ್ಪ ಅಳುತ್ತಾರೆಂದು ನಮಗೆ ಗೊತ್ತಾದದ್ದೇ ಅವತ್ತು.

ಎರಡನೆಯ ಸಲ ಎಂ.ಬಿ.ಬಿ.ಎಸ್. ಮುಗಿಸಿ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದಾಗ. ಹಳ್ಳಿಯಿಂದ ಮುದುಕನೊಬ್ಬ ಹೆಂಡತಿಯನ್ನು ಕರೆತಂದಿದ್ದ. ಸಕ್ಕರೆ ಕಾಯಿಲೆ. ಕಾಲಿನ ಒಂದು ಬೆರಳು ಕಪ್ಪಾಗಿತ್ತು. ರಿಯಾಯಿತಿಯಲ್ಲಿ ಸೇರಿಸಿಕೊಳ್ಳಲು ಕಾಗದದ ಮೇಲೆ ಒಂದು ಸೀಲು ಬೇಕಿತ್ತು. ಮಧ್ಯರಾತ್ರಿಯವರೆಗೆ ದುಡಿದು ದಣಿದಿದ್ದ ನಾವು, "ಸೀಲು ಹಾಕಿಸಿಕೊಂಡು ಬಾ ಅಜ್ಜ" ಎಂದು ಕಳಿಸಿದೆವು. ಅಂದು ಶನಿವಾರ. ಸೀಲಿನವರು ಹೋಗಿಯಾಗಿತ್ತು. ಮರುದಿನ ಭಾನುವಾರ. ಸೋಮವಾರ ಆತ ಎಲ್ಲೆಲ್ಲಿ ಸುತ್ತಿದನೋ, ಮಂಗಳವಾರ ಬೆಳಿಗ್ಗೆ ಸೀಲು ಬಿದ್ದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಕೊಂಡು ಬಂದ. ನಮಗೆ ಅವನ ಗುರುತೇ ಸಿಗಲಿಲ್ಲ. ಕಾಗದ ನೋಡಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ನಂಜು ಮೇಲಕ್ಕೆ ಏರಿತ್ತು. ಒಂದು ಬೆರಳಿನಲ್ಲಿ ಮುಗಿಯಬಹುದಾಗಿದ್ದದ್ದು ಮಂಡಿಯ ಕೆಳಗಿನವರೆಗೆ ಹೋಯಿತು.

ನಿಯಮ ಮಾಡಿದವರು ನಾವಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಮೆಲ್ಲಗೆ ಅಂದರು: "ತುರ್ತು ಅಂತ ನೀವೊಂದು ಸಾಲು ಬರೆದುಕೊಟ್ಟಿದ್ದರೆ ಅವತ್ತೇ ಸೇರಿಸಿಕೊಳ್ಳಬಹುದಿತ್ತಲ್ಲ ಡಾಕ್ಟ್ರೇ." ಹೌದು, ಬರೆಯಬಹುದಿತ್ತು. ಆ ಸಾಲು ಬರೆಯುವ ಅಧಿಕಾರ ನಮಗೆ ಇತ್ತು, ನೆನಪು ಇರಲಿಲ್ಲ. ಮನೆಗೆ ಹೊರಡುವಾಗ ಆ ಮುದುಕ ನಮಗೇ ಕೈ ಮುಗಿದು, "ನಿಮ್ಮಿಂದ ಜೀವ ಉಳೀತು ಸ್ವಾಮಿ" ಎಂದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ತಿಂಗಳು ಹಾಸ್ಟೆಲಿನಲ್ಲಿ ಗೆಳೆಯನೊಬ್ಬ 'ತಬರನ ಕಥೆ' ಹಾಕಿದ. ಏಳೆಂಟು ಜನ ಕೂತಿದ್ದೆವು. ಚಿತ್ರ ನೋಡುವಾಗ ನಾವೆಲ್ಲ ತಬರನ ಪಕ್ಷವೇ. ಗುಮಾಸ್ತರ ಮೇಲೆ ಸಿಟ್ಟು ಮಾಡುವುದು ಎಷ್ಟು ಸುಲಭ! ಕಟುಕನ ಅಂಗಡಿಯ ದೃಶ್ಯ ಬಂದಾಗ ಮಾತ್ರ ಮೈ ಬೆವರಿತು. ಚಿತ್ರದಲ್ಲಿ ನಾವು ಯಾರು ಎಂದು ಹುಡುಕಿದರೆ, ನಾವು ತಬರ ಆಗಿರಲಿಲ್ಲ. ಕಿಟಕಿಯ ಒಳಗೆ ಕೂತಿದ್ದವರು ನಾವೇ ಆಗಿದ್ದೆವು. ಚಿತ್ರ ಮುಗಿದ ಮೇಲೆ ಯಾರೂ ಲೈಟು ಹಾಕಲಿಲ್ಲ.

ಆಮೇಲೆ ರೆಸಿಡೆನ್ಸಿ ಮುಗಿಸಿದೆವು, ಮದುವೆ, ಮಕ್ಕಳು, ಈ ದೇಶ. ಮುದುಕನನ್ನು ಮರೆತೆವೆಂದಲ್ಲ. ಆದರೆ ಬದುಕು ಸುಖವಾದಾಗ ನೆನಪೂ ಸ್ವಲ್ಪ ದಪ್ಪಗಾಗುತ್ತದೆ.

ಮೂರನೆಯ ಸಲ ನೋಡಿದ್ದು ಇಲ್ಲಿ, ನಮ್ಮ ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ಅಪ್ಪ ಮೊಮ್ಮಗಳನ್ನು ನೋಡಲು ಅಕ್ಟೋಬರಿನಲ್ಲಿ ಬಂದರು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಜೀವಿತ ಪ್ರಮಾಣಪತ್ರ ಕೊಡಬೇಕು, ನವೆಂಬರಿನಲ್ಲಿ. ನಾವು ಮರೆತೆವು. ನೆನಪಾಗಿ ಬೆರಳಚ್ಚು ಯಂತ್ರದಲ್ಲಿ ಪ್ರಯತ್ನಿಸಿದರೆ, ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಬೆರಳಿನ ಗೆರೆಗಳು ಸವೆದು ಯಂತ್ರಕ್ಕೆ ಕಾಣಲೇ ಇಲ್ಲ. ಕಾಗದದ ಮೇಲೆ ಮಾಡಿಸಿ ಕಳಿಸಿದೆವು. ಊರಿನ ಕಚೇರಿಯೊಂದು 'ನಮೂನೆ ಸರಿಯಿಲ್ಲ' ಎಂದಿತು. ಪಿಂಚಣಿ ನಿಂತಿತು. ಅಪ್ಪ ನಕ್ಕರು: "ನಾನು ಬದುಕಿದ್ದೇನೆ ಅನ್ನೋದಕ್ಕೆ ಡಾಕ್ಟರ್ ಮಗನ ಮಾತೂ ಸಾಲದೇನಪ್ಪ?"

'ತಿ‍ಥಿ' ಚಿತ್ರದಲ್ಲಿ ಬದುಕಿದ್ದವನಿಗೆ ಮರಣಪತ್ರ ಸಿಗುತ್ತದೆ. ನಮ್ಮ ಅಪ್ಪನಿಗೆ ಬದುಕಿದ್ದೂ ಜೀವಿತಪತ್ರ ಸಿಗಲಿಲ್ಲ. ನಮಗೇನೂ ಹಣದ ತೊಂದರೆ ಇರಲಿಲ್ಲ. "ಬಿಡಿ ಅಪ್ಪ, ನಾವಿದ್ದೇವಲ್ಲ" ಎಂದೆವು. ಅಪ್ಪ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಮೊಮ್ಮಗಳಿಗೆ ಐಸ್‌ಕ್ರೀಮ್ ಕೊಡಿಸುವುದನ್ನು ನಿಲ್ಲಿಸಿದರು. ಮಗನ ದುಡ್ಡಿನಲ್ಲಿ ಮೊಮ್ಮಗಳಿಗೆ ಕೊಡಿಸಿದರೆ ಅದು ಅಜ್ಜ ಕೊಡಿಸಿದ್ದಾಗುತ್ತದೆಯೇ? ನಾವು ಹಣವೆಂದು ತಿಳಿದದ್ದು ಅವರಿಗೆ ಮಾನವಾಗಿತ್ತು. ಒಂದು ಸಂಜೆ ಸರೋವರದ ದಂಡೆಯಲ್ಲಿ ನಡೆಯುವಾಗ ಆ ದೊಡ್ಡ ದೊಡ್ಡ ಕಟ್ಟಡಗಳನ್ನು ನೋಡಿ ಅಪ್ಪ ಅಂದರು: "ಇಷ್ಟೊಂದು ಕಚೇರಿ! ನಮ್ಮ ತಬರ ಇಲ್ಲಿಗೆ ಬಂದಿದ್ದರೆ ಯಾವ ಬಾಗಿಲಿನಿಂದ ಶುರು ಮಾಡುತ್ತಿದ್ದನೋ?"

ಅವತ್ತು ರಾತ್ರಿ ಚಿತ್ರ ಹಾಕಿದೆವು. ಹನ್ನೊಂದು ವರ್ಷದ ಮಗಳು ಅಜ್ಜನ ಪಕ್ಕ ಕೂತಳು. ಕನ್ನಡ ಅವಳಿಗೆ ಮಾತಾಡಲು ಬರುತ್ತದೆ, ಓದಲು ಬಾರದು. ಮೊದಲು, "ಆನ್‌ಲೈನಲ್ಲಿ ಅರ್ಜಿ ಹಾಕಬಾರದಿತ್ತಾ?" ಎಂದು ಕೇಳಿದಳು. ಅಜ್ಜ, "ನಾನು ಹಾಕಿದ್ದೇನಲ್ಲ ಪುಟ್ಟಿ, ಏನಾಯ್ತು?" ಎಂದರು. ಕಟುಕನ ದೃಶ್ಯ ಬಂದಾಗ ಅವಳು ನಮ್ಮ ಕಡೆ ತಿರುಗಿದಳು. "ಅಪ್ಪಾ, ಆ ತಾತ ಕಟುಕನ ಹತ್ತಿರ ಯಾಕೆ ಹೋದ? ನಿಮ್ಮ ಹತ್ತಿರ ಯಾಕೆ ಬರಲಿಲ್ಲ?"

ಬಂದಿದ್ದ ಮಗಳೇ. ನಾವೇ ಕಳಿಸಿಬಿಟ್ಟೆವು.

ಅವಳಿಗೆ ಆ ಮುದುಕನ ಕಥೆ ಹೇಳಿದೆವು. ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ. ಅಪ್ಪ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಜ್ಜನ ಹೆಸರೇನು?" ಎಂದರು. ಗೊತ್ತಿರಲಿಲ್ಲ. "ಹೆಸರು ಕೇಳಬೇಕಿತ್ತು" ಎಂದರು. ಬೇರೆ ಏನೂ ಅನ್ನಲಿಲ್ಲ. ಮಾಸ್ತರರ ಏಟು ಮೆಲ್ಲಗೇ ಬೀಳುತ್ತದೆ.

ಬಂಧುಗಳೇ, ನಾವು ಸಣ್ಣ ಚಿತ್ರಗಳನ್ನು ಮೆಚ್ಚುವುದು ಇದಕ್ಕೇ. ದೊಡ್ಡ ಚಿತ್ರಗಳಲ್ಲಿ ನಾವು ಯಾವಾಗಲೂ ನಾಯಕನ ಪಕ್ಕದಲ್ಲಿ ನಿಂತಿರುತ್ತೇವೆ. ಅದೂ ಬೇಕು, ಶಿಳ್ಳೆ ಹೊಡೆಯುವ ಸುಖ ನಮಗೂ ಗೊತ್ತು. ಆದರೆ 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ' ನಮ್ಮನ್ನು ಕೇಳುವ ಪ್ರಶ್ನೆ ಬೇರೆ: ಇದು ನಡೆಯುವಾಗ ನೀವು ಎಲ್ಲಿ ನಿಂತಿದ್ದಿರಿ? ಹೊರದೇಶಕ್ಕೆ ಬಂದ ನಮಗೆ ಈ ಪ್ರಶ್ನೆ ಹೆಚ್ಚು ಬೇಕು. ದೂರದಿಂದ ಊರು ಬರೀ ಜಾತ್ರೆ, ಜೋಗ, ಮೈಸೂರು ಪಾಕು ಆಗಿಬಿಡುತ್ತದೆ. ಮಕ್ಕಳಿಗೂ ನಾವು ಅದನ್ನೇ ತೋರಿಸುತ್ತೇವೆ. ಆ ಊರಿನಲ್ಲಿ ಯಮುನಾ ಇದ್ದಳು, ಚೋಮ ಇದ್ದ, ತಬರ ಇದ್ದ, ಈಗಲೂ ಬೇರೆ ಹೆಸರಿನಲ್ಲಿ ಇದ್ದಾರೆ ಎಂದು ಹೇಳದಿದ್ದರೆ ನಾವು ಅರ್ಧ ಕರ್ನಾಟಕವನ್ನಷ್ಟೇ ಕೊಟ್ಟ ಹಾಗೆ.

ಆದ್ದರಿಂದ ಸಂಘದ ಮುಂದೆ ಎರಡು ಸಣ್ಣ ಕೋರಿಕೆಗಳು. ಮೊದಲನೆಯದು, ಎರಡು ತಿಂಗಳಿಗೊಮ್ಮೆ ಇಂಥ ಒಂದು ಚಿತ್ರ ಹಾಕೋಣ. ದೊಡ್ಡ ಸಭಾಂಗಣ ಬೇಡ, ಒಂದು ಕೋಣೆ ಸಾಕು. ಚಿತ್ರಕ್ಕೆ ಮೊದಲು, ಮಕ್ಕಳ ಮನೆಗೆ ಬಂದಿರುವ ಹಿರಿಯರೊಬ್ಬರು ಹತ್ತು ನಿಮಿಷ ಮಾತಾಡಲಿ. ಮುಗಿದ ಮೇಲೆ ಮಕ್ಕಳು ಪ್ರಶ್ನೆ ಕೇಳಲಿ. ನಗಿಸುವ 'ತಿಥಿ'ಯಿಂದ ಶುರು ಮಾಡೋಣ, ಎತ್ತಿನಗಾಡಿಯಿಂದ ಬೇಡ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಮೂಲಕ ರೈತರಿಗೆ ಪ್ರಪಂಚದ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಅವರು ಅಲ್ಲಿ ಮಾಡಿದ್ದನ್ನು ನಾವು ಇಲ್ಲಿ ಮಾಡಲಾರೆವೇ?

ಎರಡನೆಯದು ಸಿನಿಮಾ ಅಲ್ಲ, ಆದರೆ ಸಿನಿಮಾದಿಂದ ಬಂದದ್ದು. ಪ್ರತಿ ಅಕ್ಟೋಬರಿನಲ್ಲಿ ಒಂದು ಭಾನುವಾರ, ಇಲ್ಲಿಗೆ ಬಂದಿರುವ ಪಿಂಚಣಿದಾರ ತಂದೆತಾಯಿಯರ ಜೀವಿತ ಪ್ರಮಾಣಪತ್ರದ ಕೆಲಸಕ್ಕೆ ಸಂಘದವರು ನಾಲ್ಕು ಜನ ಕೂರೋಣ. ನಮ್ಮ ಅಪ್ಪನ ಕಾಗದ ಫೆಬ್ರವರಿಯಲ್ಲಿ ಸರಿಯಾಯಿತು. ಸರಿಪಡಿಸಿದ್ದು ನಮ್ಮ ಡಿಗ್ರಿಯಲ್ಲ. ಊರಿನ ಇನ್ನೊಬ್ಬ ಗುಮಾಸ್ತರು, ಅಪ್ಪನ ಹಳೆಯ ಶಿಷ್ಯರೂ ಅಲ್ಲ, ಪರಿಚಿತರೂ ಅಲ್ಲ, ಸಂಜೆ ಆರರ ಮೇಲೂ ಕೂತು ಸರಿಯಾದ ನಮೂನೆಯನ್ನು ತಾವೇ ಹುಡುಕಿ ಕಳಿಸಿದರು. ಕಿಟಕಿಯ ಒಳಗೆ ಅಂಥವರೂ ಇರುತ್ತಾರೆ. ಅಪ್ಪ ಅವರ ಹೆಸರನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಹಣ ಬಂದ ದಿನ ಮೊಮ್ಮಗಳಿಗೆ ಎರಡು ಐಸ್‌ಕ್ರೀಮ್ ಸಿಕ್ಕಿತು.

ನಾವೂ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ರೋಗಿಯನ್ನು ಬೇರೆ ಕಿಟಕಿಗೆ ಕಳಿಸುವ ಮೊದಲು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಫೋನ್ ಮಾಡುತ್ತೇವೆ. ಹೆಸರು ಕೇಳುತ್ತೇವೆ.

ಕೊನೆಗೆ, ಮಾತು ಕೊಟ್ಟಂತೆ, ಸಕ್ಕರೆ ಕಾಯಿಲೆ. 2023ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ದೇಶದ ವಯಸ್ಕರಲ್ಲಿ ಶೇಕಡಾ 15.6 ಜನರಿಗೆ, ಅಂದರೆ ಸುಮಾರು ಆರು ಜನರಲ್ಲಿ ಒಬ್ಬರಿಗೆ ಅದು ಇದೆ. ಅಪ್ಪಿಯ ಕಾಲು ಒಂದೇ ದಿನದಲ್ಲಿ ಕೊಳೆಯಲಿಲ್ಲ. ಸಕ್ಕರೆ ಕಾಯಿಲೆ ಇರುವವರು ದಿನಾ ರಾತ್ರಿ ಮಲಗುವ ಮೊದಲು ಎರಡೂ ಪಾದ, ಬೆರಳ ಸಂದಿ ನೋಡಿಕೊಳ್ಳಿ. ಕಣ್ಣು ಮಂಜಾದ ಹಿರಿಯರಿದ್ದರೆ ಮೊಮ್ಮಕ್ಕಳು ನೋಡಲಿ. ಸಣ್ಣ ಗಾಯವೆಂದು ಬಿಡಬೇಡಿ. ಸೀಲು ಇಲ್ಲದಿದ್ದರೂ ಪರವಾಗಿಲ್ಲ, ಬನ್ನಿ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಹೋಳಿಗೆ ಕಾಯುತ್ತಿದೆ. ಈ ಸಲ ಒಂದೊಂದು ತಿನ್ನಲು ವೈದ್ಯರ ಅಪ್ಪಣೆಯಿದೆ. 

ಸಿರಿಗನ್ನಡಂ ಗೆಲ್ಗೆ.